ಮಾವನ ಎಡೆಗೆ ಮೂರು ಬಗೆಯ ಕಜ್ಜಾಯ

ಹಳೇ ಟ್ರಾಕ್ಟರ್ ಕೊಂಡು ಮಾರುವವನಿಗೆ ನಾಲ್ಕು ಕಜ್ಜಾಯ ತರುವುದು ಒಂದು ಕೆಲಸವೇ? ಸೈಕಲ್ಲಿನಲ್ಲಿ ಎಳನೀರು ಮಾರುತ್ತಾ ಬದುಕು ಶುರು ಮಾಡಿ, ಇವತ್ತು ರಾಮನಗರದಲ್ಲಿ ಸ್ವಂತ ಯಾರ್ಡು ಇಟ್ಟಿರುವವನು ನಾನು. ಯಾರು ಏನೇ ಕೊಳ್ಳಲು ಹೊರಟರೂ, ಅವರು ಕೇಳದಿದ್ದರೂ, ಒಂದು ಸಲಹೆ ಕೊಟ್ಟೇ ಕಳಿಸುವುದು ನನ್ನ ಪದ್ಧತಿ. ಹಾಗಾಗಿ ಸೋಲೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಮಾವ ತೀರಿಕೊಂಡಾಗ, ಕಜ್ಜಾಯದ ಜವಾಬ್ದಾರಿಯನ್ನು ನಾನೇ ಮುಂದೆ ಬಿದ್ದು ವಹಿಸಿಕೊಂಡೆ.

ತೀರಿಕೊಂಡ ಮೂರನೆಯ ದಿನ ಹಾಲು-ತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಎಡೆ ಇಟ್ಟು, ಕಾಗೆ ಮುಟ್ಟಲೆಂದು ಕಾಯಬೇಕು. ಮುಟ್ಟಿದರೆ ಜೀವಕ್ಕೆ ತೃಪ್ತಿ. ಮುಟ್ಟದಿದ್ದರೆ ಉಳಿದವರಿಗೆ ನೆಮ್ಮದಿಯಿಲ್ಲ.

ಅದರ ಹಿಂದಿನ ದಿನ, ಕಂಬಕ್ಕೊರಗಿ ಕೂತಿದ್ದ ಅತ್ತೆ ಬಾಯಿ ಬಿಟ್ಟದ್ದು ಒಂದೇ ಸಲ. "ಸಾಯಾಕೆ ಮುಂಚೆ ಕಜ್ಜಾಯ ಕೇಳುದ್ರು ಅಳಿಯಂದ್ರೇ. ಸುಗರ್ ಐತೆ ಅಂತ ನಾನೇ ಕೊಡ್ಲಿಲ್ಲ. ಎಡೇಲಿ ಇಕ್ಕಿ, ಕಾಗೆ ಮುಟ್ಟೋಗಂಟ ನಾನು ತೊಟ್ಟು ನೀರೂ ಕುಡಿಯಾಕಿಲ್ಲ."

ಸೂತಕದ ಮನೆಯಲ್ಲಿ ಬಾಣಲೆ ಇಡುವಂತಿಲ್ಲ. ಹೊರಗಿನಿಂದಲೇ ತರಬೇಕು. "ಬುಡಿ ಅತ್ತೆ, ನಾನಿಲ್ವಾ?" ಎಂದೆ.

ನನ್ನ ಹೆಂಡತಿ ಸಾವಿತ್ರಿ ಕಾರಿನ ತನಕ ಬಂದಳು. "ಅವ್ವ ಬೀಪಿ ಮಾತ್ರೇನೂ ನುಂಗ್ತಾ ಇಲ್ಲ. ಮಾಗಡಿ ಬಸ್ ಸ್ಟ್ಯಾಂಡ್ ಹಿಂದ್ಗಡೆ ಅಂಗ್ಡೀಲೇ ತನ್ನಿ. ದಪ್ಪಕ್ಕೆ, ಮೆತ್ತಗಿರ್ಬೇಕು. ಅಪ್ಪಂಗೆ ಹಲ್ಲಿರ್ಲಿಲ್ಲ."

"ತಿನ್ನೋದು ಕಾಗೆ ತಾನೆ? ಅದುಕ್ಯಾವ ಹಲ್ಲೈತೆ?"

ಅವಳು ನಗಲಿಲ್ಲ. ಸತ್ತದ್ದು ಅವಳಪ್ಪ ಎಂಬುದು ನನಗೆ ನೆನಪಾದದ್ದು ಗೇರು ಹಾಕಿದ ಮೇಲೆ!

ಮಾಗಡಿಯ ಅಂಗಡಿಯಲ್ಲಿ ಕಜ್ಜಾಯ ಇತ್ತು. ಬೆರಳಿಟ್ಟರೆ ಒಳಗಿಳಿಯುವಷ್ಟು ಮೆದು. ಅಂಗಡಿಯವನು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ.

"ಸಾವಿನ್ ಮನೆಗೆ ಅಂತೀರಿ, ಅದ್ರಲ್ಲೂ ಚೌಕಾಸಿಯಾ ಸ್ವಾಮಿ?"

ನಾನು ತಿರುಗಿ ನಡೆದೆ. ಹಾಗೆ ನಡೆದಾಗ ಅಂಗಡಿಯವನು ಹಿಂದಿನಿಂದ ಕೂಗಬೇಕು. ಅದು ವ್ಯಾಪಾರ ಧರ್ಮ. ಮೂಲೆಯವರೆಗೆ ನಡೆದೆ. ಕೂಗಲಿಲ್ಲ. ಮೂಲೆಯಲ್ಲಿ ಟೀ ಕುಡಿದೆ. ಆಗಲೂ ಕೂಗಲಿಲ್ಲ. ಮಾನ ಬಿಟ್ಟು ನಾನೇ ವಾಪಸು ಬಂದಾಗ, ಯಾರೋ ಹೆಂಗಸು ಅಷ್ಟೂ ಕಜ್ಜಾಯವನ್ನು ಚೀಲಕ್ಕೆ ತುಂಬಿಕೊಂಡು ಹೊರಟಿದ್ದಳು.

"ಹೊಸ ಪಾಕದ ಹಿಟ್ಟು ಇನ್ನೂ ಹದ ಬಂದಿಲ್ಲ ಸ್ವಾಮಿ. ಮುಂದಿನ್ ವಾರ ಬನ್ನಿ," ಎಂದ ಅಂಗಡಿಯವನು. ಕಾಗೆಗೆ ಮುಂದಿನ ವಾರ ಬಾ ಎನ್ನಲಾದೀತೇ?

ಸೀದಾ ರಾಮನಗರಕ್ಕೆ ಬಂದು, ಎಲ್ಲ ರಾಜ್ಯದ ತಿಂಡಿ ಮಾರುವ ದೊಡ್ಡ ಅಂಗಡಿಗೆ ನುಗ್ಗಿದೆ. ಅಲ್ಲಿ ನಮ್ಮ ಕಜ್ಜಾಯವೊಂದನ್ನು ಬಿಟ್ಟು ಅದರ ಬಂಧುಬಳಗವೆಲ್ಲ ಇತ್ತು. ಅಂಚು ಗರಿಗರಿಯಾಗಿದ್ದ ತಮಿಳರ ಅದಿರಸ, ಎಣ್ಣೆ ಹಿಂಡಿ ಚಪ್ಪಟೆ ಮಾಡಿ ಎಳ್ಳು ಮೆತ್ತಿದ ಆಂಧ್ರದ ಅರಿಸೆ, ಗಸಗಸೆ ಮೈಯ ಮರಾಠಿಗರ ಅನಾರಸ.

"ಮೂರೂ ಒಂದೇ ತಾಯಿ ಮಕ್ಳು ಸಾರ್. ಅದೇ ಅಕ್ಕಿ, ಅದೇ ಬೆಲ್ಲ. ಮೂರೂ ತಗೊಂಡ್ರೆ ಎರಡರ ರೇಟಿಗೆ ಕೊಡ್ತೀನಿ," ಎಂದ ಹುಡುಗ.

ಸೋತು ಬಂದವನಿಗೆ ಇದಕ್ಕಿಂತ ಬೇಕೆ? ಮಾವನಿಗೂ ಆಯ್ಕೆ ಇರಲಿ ಎಂದು ಮೂರೂ ಕಟ್ಟಿಸಿದೆ!

ಮಾರನೆಯ ದಿನ ಗುಡ್ಡೆಯ ಮುಂದೆ ಬಾಳೆಲೆ ಹಾಸಿ ಎಡೆ ಇಟ್ಟರು. ಹೊಂಗೆ ಮರದ ಮೇಲೆ ಒಂದು ಕಾಗೆ ಬಂದು ಕೂತಿತು. ಕತ್ತು ಓರೆ ಮಾಡಿ ಮೂರು ರಾಜ್ಯಗಳನ್ನೂ ನೋಡಿತು. ಇಳಿಯಲಿಲ್ಲ. ಬಿಸಿಲೇರಿತು. ಅತ್ತೆಯ ತುಟಿ ಒಣಗಿತ್ತು. ಸಾವಿತ್ರಿ ಅವ್ವನ ಬೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದಳು. ಆ ನೋಟದ ಮುಂದೆ ಗುಡ್ಡೆಯ ಒಳಗಿದ್ದ ಮಾವನೇ ಸುಖಿ ಎನಿಸಿತು.

ಏನೋ ಆಸೆ ಉಳಿದಿರಬೇಕೆಂದು ಒಬ್ಬೊಬ್ಬರೇ ಗುಡ್ಡೆಗೆ ಮಾತು ಕೊಡತೊಡಗಿದರು. ಕಾಗೆ ಅಲುಗಲಿಲ್ಲ. ಕೊನೆಗೆ ನನ್ನ ಬಾಮೈದ ನಾಗರಾಜ, "ಬಾವ, ನೀವೂ ಒಂದ್ ಮಾತು ಹೇಳ್ಬುಡಿ," ಎಂದ.

ಮೊದಲ ಮಾತು ಕಡಿಮೆಯಿಂದಲೇ ಶುರುವಾಗಬೇಕಲ್ಲ? "ಮಾವ, ಬೋರ್‌ವೆಲ್ ಮೋಟ್ರು ರಿಪೇರಿ ಮಾಡುಸ್ಕೊಡ್ತೀನಿ," ಎಂದೆ.

ಕಾಗೆ ರೆಕ್ಕೆ ಕೆರೆದುಕೊಂಡಿತು.

"ಹೊಸಾ ಮೋಟ್ರೇ ಹಾಕುಸ್ತೀನಿ!"

ಆ ಕಡೆ ತಿರುಗಿ ಕೂತಿತು.

ಎದುರಿನವನು ಬಾಯಿಯೇ ಬಿಡದಿದ್ದಾಗ ನಾವಾಗಿ ರೇಟು ಏರಿಸಬಾರದು ಎಂದು ಅರ್ಧ ತಾಲ್ಲೂಕಿಗೆ ಬೋಧಿಸಿದವನು ನಾನು. ಆದರೆ ಅಷ್ಟರಲ್ಲಿ ಅತ್ತೆ ಒಂದು ಪಕ್ಕಕ್ಕೆ ವಾಲಿದರು. "ಯಾರ್ಡಲ್ಲಿರೋ ಕೆಂಪು ಟ್ರಾಕ್ಟ್ರು ನಾಗರಾಜಂಗೇ ಕೊಟ್ಟೆ ಮಾವ! ಇಳೀರಿ!" ಎಂದು ಕಿರುಚಿಬಿಟ್ಟೆ.

ಜನವೆಲ್ಲ ತಲೆಯೆತ್ತಿ ಮರ ನೋಡಿತು. ಕಾಗೆ ಮಾತ್ರ ಇಳಿಯಲಿಲ್ಲ.

ಅತ್ತೆ ಮಗಳ ಕೈ ಬಿಡಿಸಿಕೊಂಡು, ತೆವಳಿಕೊಂಡೇ ಎಲೆಯ ಹತ್ತಿರ ಹೋದರು. ಒಂದು ಅರಿಸೆ ಎತ್ತಿ ಮುರಿಯಲು ನೋಡಿದರು. ಹಂಚಿನಂತೆ ಲಟಕ್ಕೆಂದಿತು. "ಇದ ಹೆಂಗ್ ತಿಂದಾರು? ಬೋಡು ಬಾಯಿ," ಎಂದು ಗೊಣಗುತ್ತಾ, ಮೂರು ಬಗೆಯದನ್ನೂ ಪುಡಿ ಮಾಡಿ ಹಾಲಿನ ಬಟ್ಟಲಿಗೆ ಹಾಕಿ, ಬೆರಳಲ್ಲಿ ಕಿವುಚಿ, ಎಲೆಯ ಮೇಲೆ ಸುರಿದರು. "ತಿನ್ನಿ. ಈಗ ಯಾರೂ ಬ್ಯಾಡ ಅನ್ನಾಕಿಲ್ಲ."

ಅವರು ಹಿಂದೆ ಸರಿಯುವ ಮೊದಲೇ ಕಾಗೆ ಇಳಿದು ಕೊಕ್ಕು ಹಾಕಿತು.

"ಟ್ರಾಕ್ಟ್ರು ಅಂದೇಟ್ಗೆ ಒಪ್ಕಂಡ್ರು ನೋಡಿ!" ಎಂದು ಜನವೆಲ್ಲ ಕೂಗಿತು. ಇಲ್ಲ, ಇಳಿಸಿದ್ದು ಹಾಲು ಎಂದು ಸವಿವರವಾಗಿ ಹೇಳಲು ಬಾಯಿ ತೆರೆದೆ. ಅತ್ತೆ ನೀರಿನ ಲೋಟವನ್ನು ತುಟಿಯ ಹತ್ತಿರ ತಂದವರು ಹಾಗೇ ನಿಲ್ಲಿಸಿದರು.

"ಸತ್ತೋರ್ ಮುಂದೆ ಆಡಿದ್ ಮಾತು. ದಿಟ ತಾನೆ ಅಳಿಯಂದ್ರೇ?"

"ದಿಟ ಅತ್ತೆ. ಕುಡೀರಿ."

ಕುಡಿದರು. ಮಾತ್ರೆಯನ್ನೂ ನುಂಗಿದರು. ಸಾವಿತ್ರಿ ಮೂರು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ನನಗೂ ಅಳು ಬಂತು. ಯಾತಕ್ಕೆಂದು ಬಿಡಿಸಿ ಹೇಳಲಾರೆ.

ಅತ್ತೆ ಇನ್ನೊಂದು ಲೋಟಕ್ಕೆ ಕೈ ಚಾಚಿದರು. ನಾಗರಾಜ ನನ್ನ ಕಿವಿಗೆ ಬಾಗಿದ. "ಬಾವ, ಟ್ರೇಲರ್ರು?"

ಲೋಟ ಮತ್ತೆ ಗಾಳಿಯಲ್ಲಿ ನಿಂತಿತು.

"ಅದೂ ಸೇರ್ತು ಕಣಪ್ಪ," ಎಂದೆ. ಆಮೇಲೆ ಅತ್ತೆ ಮೂರನೆಯ ಲೋಟ ಕೇಳುವ ಮೊದಲು, ಕಾರಿನ ಕೀಯನ್ನು ಪ್ಯಾಂಟಿನ ಒಳಜೇಬಿಗೆ ತಳ್ಳಿ, ಗುಡ್ಡೆಗೆ ಕೈ ಮುಗಿದು, ಓಡಿದೆ!