ನೆಲದೊಲೆಯಲ್ಲಿ ಬೆಂದ ಅಜ್ಜಿಯ ಚಾಪೆ

ಇಡೀ ಟೊಂಗಾ ದ್ವೀಪಗಳಲ್ಲಿ ಹೆಂಡತಿಯ ಮನಸ್ಸನ್ನು ಸುಖವಾಗಿಟ್ಟ ಗಂಡ ಯಾರೆಂದು ಯಾರಾದರೂ ಕೇಳಿದರೆ, ಎಲ್ಲರೂ ತನ್ನ ಕಡೆಗೇ ಬೆರಳು ತೋರಿಸಬೇಕು! ಹೀಗೆಂದು ಸೊಸಾಯಾ ಶುಕ್ರವಾರ ಸಂಜೆ ಪಣ ತೊಟ್ಟ.

ಅದಕ್ಕೆ ಕಾರಣ ಆಸ್ಪತ್ರೆಯ ನರ್ಸಮ್ಮ. ಚರ್ಚಿನ ಹಜಾರದಲ್ಲಿ ಮದುವೆಯಾದ ಗಂಡಸರನ್ನೆಲ್ಲ ಕೂರಿಸಿಕೊಂಡು ಆಕೆ ಕೇಳಿದ್ದಳು: "ಹೆಂಡತಿಗೆ ಜ್ವರ ಬಂದರೆ ನನ್ನ ಹತ್ತಿರ ಓಡಿ ಬರ್ತೀರಿ. ಅವಳ ನಗು ನಿಂತು ಹೋದರೆ ಯಾಕೆ ಬರೋದಿಲ್ಲ?"

ಸೊಸಾಯಾನ ಹೆಂಡತಿ ಮೆಲೆನೈಟೆ ನಕ್ಕರೆ ಹಿಂದೆಲ್ಲ ಬಂದರುಕಟ್ಟೆಯಲ್ಲಿ ದೋಣಿ ಕಟ್ಟುವವರು ತಿರುಗಿ ನೋಡುತ್ತಿದ್ದರು. ಅಂಥವಳು ಅವನ ತಾಯಿ ತೀರಿಕೊಂಡಂದಿನಿಂದ ನಕ್ಕೇ ಇರಲಿಲ್ಲ. ಆ ನಗುವನ್ನು ವಾಪಸು ತರದಿದ್ದರೆ ತಾನೆಂಥ ಗಂಡ!

ಮನೆಗೆ ಬಂದವನೇ ಕೇಳಿದ: "ಮೆಲೆ, ನಿನ್ನ ಮನಸ್ಸು ಹೇಗಿದೆ?"

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಏನು ಮುರಿದೆ?"

"ಏನೂ ಮುರಿದಿಲ್ಲ ಮಾರಾಯ್ತಿ! ಸುಮ್ಮನೆ ಕೇಳಿದೆ."

"ಹಾಗಾದರೆ ಹಂದಿ ಕಳಕೊಂಡೆಯಾ?"

ಶನಿವಾರವೆಲ್ಲ ಅದೇ ಪ್ರಶ್ನೆ. ಅವಳು ಬಟ್ಟೆ ಹಿಂಡುವಾಗ, ತಲೆ ಬಾಚುವಾಗ, ಕೊನೆಗೆ ಸೀನಿದಾಗಲೂ! "ಮನಸ್ಸು ಹೇಗಿದೆ?"

"ನೀನು ಕೇಳೋವರೆಗೂ ಚೆನ್ನಾಗಿತ್ತು!"

ಪಾಪ, ಅವಳ ಮನಸ್ಸಿನ ಮೇಲೆ ಕೂತಿದ್ದದ್ದು ಒಂದು ಚಾಪೆ. ಸೊಸಾಯಾನ ಅಜ್ಜಿ ಸೊಂಟಕ್ಕೆ ಸುತ್ತಿಕೊಂಡು ಚರ್ಚಿಗೆ ಹೋಗುತ್ತಿದ್ದ ಚಾಪೆ. ಅಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಚರ್ಚಿಗೆ ಹೋಗುವಾಗ ಉಡುಪಿನ ಮೇಲೆ ಚಾಪೆ ಸುತ್ತಿಕೊಳ್ಳುವುದು ಮರ್ಯಾದೆ. ಅಂಥ ಚಾಪೆ ಹರಿದಷ್ಟೂ ಬೆಲೆ, ಚಿಂದಿಯಾದಷ್ಟೂ ಗೌರವ! ತಾಯಿ ತೀರಿಕೊಂಡ ಮೇಲೆ ಅವನ ಅಕ್ಕ ಕಲೊಲೈನೆ ಅದನ್ನು ಮೆಲೆನೈಟೆಯ ಕೈಗಿಟ್ಟು, "ಇದರ ಒಂದೆಳೆ ಹೋದರೂ ನಮ್ಮ ಮನೆತನದ ಮಾನ ಹೋದ ಹಾಗೆ" ಎಂದಿದ್ದಳು. ಅಕ್ಕನ ಮಾತೆಂದರೆ ಆ ಸೀಮೆಯಲ್ಲಿ ತಮ್ಮನಾದವನು ಕೆಮ್ಮುವುದಕ್ಕೂ ಹೆದರಬೇಕು. ಇನ್ನು ತಮ್ಮನ ಹೆಂಡತಿಯ ಪಾಡೇನು? ಮೆಲೆನೈಟೆ ಜೋಪಾನವಾಗಿರಲೆಂದು ಚಾಪೆಯನ್ನು ಹಾಸಿಗೆಯ ಕೆಳಗೆ ಹಾಸಿ, ಅದರ ಮೇಲೆ ಮಗ್ಗುಲು ಬದಲಿಸದೆ ಮಲಗುತ್ತಿದ್ದಳು. ಪಕ್ಕದಲ್ಲಿ ಸೊಸಾಯಾ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ. ಚಾಪೆ ಪೆಟ್ಟಿಗೆಯಲ್ಲಿದೆ ಎಂದೇ ಅವನ ನಂಬಿಕೆ.

ಭಾನುವಾರ ಬಂತು. ಅಜ್ಜಿಯ ಹೆಸರಿನಲ್ಲಿ ಪ್ರಾರ್ಥನೆಯಿತ್ತು. ಚಾಪೆಯೂ ಚರ್ಚಿಗೆ ಬರಲಿ ಎಂದು ಅಕ್ಕ ಹೇಳಿ ಕಳಿಸಿದ್ದಳು.

"ಇವತ್ತು ನೀನು ಬೆರಳು ಅಲ್ಲಾಡಿಸಬೇಡ" ಎಂದು ಹೆಂಡತಿಯನ್ನು ಸ್ನಾನಕ್ಕೆ ಕಳಿಸಿ ಸೊಸಾಯಾ ನೆಲದೊಲೆ ಹೂಡಿದ. ಅಂಗಳದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಮರಗೆಣಸು, ಅದರ ಮೇಲೆ ಕೆಸುವಿನೆಲೆಯಲ್ಲಿ ಡಬ್ಬಿಯ ಮಾಂಸ, ತೆಂಗಿನ ಹಾಲು ಕಟ್ಟಿದ ಗಂಟುಗಳು, ಮೇಲೆ ಬಾಳೆಲೆ. ಇನ್ನು ಒಂದು ಹಳೇ ಚಾಪೆ ಹೊದಿಸಿ ಮಣ್ಣು ಮುಚ್ಚಿದರಾಯಿತು. ಚರ್ಚಿನಿಂದ ಬರುವಷ್ಟರಲ್ಲಿ ಊಟ ಸಿದ್ಧ. ಆ ಹಳೇ ಚಾಪೆಯನ್ನು ವಾರವಾರ ತಂದುಕೊಡುತ್ತಿದ್ದವಳು ಮೆಲೆನೈಟೆ. ಕೇಳಿದರೆ ಅವಳ ಮನಸ್ಸಿಗೆ ತೊಂದರೆ! ತಾನೇ ಹುಡುಕಿದ. ಹಾಸಿಗೆಯ ಕೆಳಗೆ ಸಿಕ್ಕಿತು. "ಆಹಾ, ಎಂಥ ಚಿಂದಿ!" ಎಂದು ಖುಷಿಯಿಂದ ಎಳೆದುಕೊಂಡು ಹೋಗಿ ಒಲೆಗೆ ಹೊದಿಸಿ ಮಣ್ಣು ಮುಚ್ಚಿದ.

ಚರ್ಚಿನ ಗಂಟೆ ಹೊಡೆಯಿತು. ಮನೆಯೊಳಗಿನಿಂದ ಮೆಲೆನೈಟೆಯ ಚೀತ್ಕಾರ ಕೇಳಿತು.

"ಹಾಸಿಗೆ ಕೆಳಗಿದ್ದ ಚಾಪೆ ಎಲ್ಲಿ?"

"ಒಲೆ ಮೇಲೆ. ಯಾಕೆ?"

ಅವಳ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲವೂ ಅರ್ಥವಾಯಿತು. ಸಲಿಕೆ ಹಾರಿತು, ಮಣ್ಣು ಹಾರಿತು. ಹೊಗೆಯ ನಡುವಿನಿಂದ ಅಜ್ಜಿಯ ಚಾಪೆ ಹೊರಬಂತು. ದೇವರು ದೊಡ್ಡವನು, ಎಳೆ ಸುಟ್ಟಿರಲಿಲ್ಲ. ಆದರೆ ಚೆನ್ನಾಗಿ ಬೆಂದಿತ್ತು!

"ಕಟ್ಟಿಕೋ ಮೆಲೆ, ಹೊತ್ತಾಯಿತು."

"ನಾನ್ಯಾಕೆ? ಬೇಯಿಸಿದೋನೇ ಕಟ್ಟಿಕೋ!"

ಹೀಗೆ ಸೊಸಾಯಾ ಸೊಂಟದಿಂದ ಹಬೆಯಾಡಿಸುತ್ತ ಚರ್ಚಿಗೆ ಹೊರಟ. ಮಾಂಸ, ತೆಂಗಿನ ಹಾಲಿನ ಘಮಕ್ಕೆ ಬೀದಿಯ ನಾಯಿಗಳೆಲ್ಲ ರಾಜನ ಹಿಂದಿನ ಪರಿವಾರದಂತೆ ಅವನನ್ನು ಹಿಂಬಾಲಿಸಿದವು. ಚರ್ಚಿನ ಬಾಗಿಲಲ್ಲಿ ಸಾಲಾಗಿ ಕೂತವು. ಒಳಗೆ ಕೂರೋಣವೆಂದರೆ ಹಿಂಭಾಗ ಚುರ್ರೆನ್ನುತ್ತಿತ್ತು. ಹಾಡಿಗೆ ಎದ್ದು ನಿಂತವನು ಪ್ರಾರ್ಥನೆಗೂ ಕೂರಲಿಲ್ಲ, ಉಪದೇಶಕ್ಕೂ ಕೂರಲಿಲ್ಲ.

ಪಾದ್ರಿಗಳ ಕಣ್ಣು ತುಂಬಿ ಬಂತು. "ನೋಡಿ! ನಮ್ಮ ಸೊಸಾಯಾನನ್ನು ನೋಡಿ! ಅಂತರಂಗದಲ್ಲಿ ಬೆಂಕಿ ಹೊತ್ತಿದವನು ಹೀಗೆ ನಿಲ್ಲುತ್ತಾನೆ!"

ಮೆಲೆನೈಟೆ ತುಟಿ ಕಚ್ಚಿಕೊಂಡಳು. ಬೈಬಲನ್ನು ಮುಖಕ್ಕೆ ಅಡ್ಡ ಹಿಡಿದಳು. ಬೆಂಚು ನಡುಗಿತು. ಕೊನೆಗೆ ತಡೆಯಲಾರದೆ ಅವಳ ನಗು ಚರ್ಚಿನ ಸೂರಿಗೆ ಬಡಿಯಿತು!

ಮುಂದಿನ ಸಾಲಿನಲ್ಲಿದ್ದ ಕಲೊಲೈನೆ ನಿಧಾನವಾಗಿ ಹಿಂದೆ ತಿರುಗಿದಳು. ಮೂಗರಳಿಸಿದಳು. ಸೊಸಾಯಾ ಹಾಡಿನ ಪುಸ್ತಕದಿಂದ ಸೊಂಟ ಮುಚ್ಚಿಕೊಂಡ.

ಪ್ರಾರ್ಥನೆ ಮುಗಿದ ಮೇಲೆ, ಅಂಗಳದಲ್ಲಿ, "ಬಿಚ್ಚೋ ಅದನ್ನ" ಎಂದಳು ಅಕ್ಕ. ಚಾಪೆಯನ್ನು ಕೈಗೆ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಅಜ್ಜಿ ಒಲೆ ಮುಚ್ಚಿ ನೇರ ಚರ್ಚಿಗೆ ಬರ್ತಿದ್ದಳು. ಅವಳ ಮಡಿಲಲ್ಲಿ ಇದೇ ವಾಸನೆ" ಎಂದಳು. ಮೆಲೆನೈಟೆಯ ಕಡೆ ನೋಡಿ ಕೇಳಿದಳು: "ಅವತ್ತು ಹಾಗೆ ಹೇಳಿ ನಿನ್ನನ್ನ ಹೆದರಿಸಿಬಿಟ್ಟೆನೇನೇ?"

"ಅಂದಿನಿಂದ ಮಗ್ಗುಲು ಬದಲಿಸಿಲ್ಲ ಅತ್ತಿಗೆ."

"ಅಯ್ಯೋ ಹುಚ್ಚಿ! ಹಾಸಿಗೆ ಕೆಳಗೆ ಬೇಡ, ನೀನೇ ಉಟ್ಟುಕೋ. ಎಳೆ ಬಿಟ್ಟರೆ ಇಬ್ಬರೂ ಕೂತು ನೇಯೋಣ" ಎಂದವಳು ತಮ್ಮನ ಕಡೆ ತಿರುಗಿದಳು. "ನೀನು ಮಾತ್ರ ಇದರ ಹತ್ತಿರ ಸುಳಿಯಬೇಡ!"

ಮನೆಗೆ ಹೋದರೆ, ಅವಸರದಲ್ಲಿ ಮುಚ್ಚದೆ ಬಿಟ್ಟ ಒಲೆಯನ್ನು ಹಂದಿಗಳು ತಿಂದು ಗುಡಿಸಿಟ್ಟಿದ್ದವು. ಅದನ್ನು ನೋಡಿ ಮೆಲೆನೈಟೆ ಮತ್ತೆ ನಕ್ಕಳು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗಲೂ ನಕ್ಕಳು. ರಾತ್ರಿ ಹಾಸಿಗೆಯ ತುಂಬ ಉರುಳಾಡಿ ಮಲಗಿದಳು.

ಗೆಲುವೆಂದರೆ ಇದಲ್ಲವೇ! ಸುದ್ದಿ ನರ್ಸಮ್ಮನಿಗೂ ಮುಟ್ಟಿತು. ಮುಂದಿನ ಸಭೆಯಲ್ಲಿ ಆಕೆ ಸೊಸಾಯಾನನ್ನೇ ಎಬ್ಬಿಸಿ, ಹೆಂಡತಿಯ ನಗುವನ್ನು ಹೇಗೆ ತಂದೆ ಎಂದು ಎಲ್ಲರಿಗೂ ಹೇಳು ಎಂದಳು. ಅವನು ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ಅಣ್ಣತಮ್ಮಂದಿರೇ, ಮೊಟ್ಟಮೊದಲು ಮಾಡಬೇಕಾದ್ದು ಏನೆಂದರೆ..."

"ಚಾಪೆ ಬಚ್ಚಿಡಬೇಕು!" ಎಂದು ಕಿಟಕಿಯ ಆಚೆಯಿಂದ ಮೆಲೆನೈಟೆ ಕೂಗಿದಳು. "ಹೆಂಡತಿಯರಿಗೆ ಅದನ್ನ ಮೊದಲು ಹೇಳು!"

ಹಾಗೆಂದು ಅವಳು ನಕ್ಕ ನಗುವಿಗೆ ಬಂದರುಕಟ್ಟೆಯಲ್ಲಿ ದೋಣಿ ಕಟ್ಟುವವರು ತಿರುಗಿ ನೋಡಿದರು.