ಎರಡು ತಿಂಗಳ ಆದರ್ಶ ಪುರುಷರು

ಆದರ್ಶ ಪುರುಷ ಎಂಬುದು ಕಾಸ್ತೆಲ್ವೆರ್ನೊ ನಗರದಲ್ಲಿ ಒಂದು ಸಾರ್ವಜನಿಕ ಹುದ್ದೆ. ಅವಧಿ ಎರಡು ತಿಂಗಳು, ಆಯ್ಕೆ ಚೀಟಿ ಎತ್ತುವುದರ ಮೂಲಕ. ಸಾವಿರದ ನಾನೂರ ಎಂಬತ್ತೇಳನೇ ಇಸವಿಯಲ್ಲಿ ಈ ಹುದ್ದೆಯನ್ನು ಸೃಷ್ಟಿಸುವ ಠರಾವು ಬರೆದವನು ನಾನು, ಸೆರ್ ನೋಫ್ರಿ, ಸಂತ ದೊನಾತೊ ಇಗರ್ಜಿಯ ಕಟ್ಟಡ ಮಂಡಳಿಯ ಗುಮಾಸ್ತ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಯಾರೂ ನಗಲೂ ಇಲ್ಲ.

ಮಂಡಳಿಯ ಅಧ್ಯಕ್ಷರಾದ ಮೆಸ್ಸೆರ್ ಅರ್ದಿಂಗೊ ಉಣ್ಣೆ ಮಾರಲು ಫ್ಲಾರೆನ್ಸಿಗೆ ಹೋದವರು ಅಲ್ಲಿ ಒಬ್ಬರ ಮನೆಯಲ್ಲಿ ಒಂದು ಚಿತ್ರ ನೋಡಿ ಬಂದರು. ಬೆತ್ತಲೆ ಗಂಡಸೊಬ್ಬ ಕೈಕಾಲು ಚಾಚಿ ನಿಂತಿದ್ದನಂತೆ. ಅವನ ಸುತ್ತ ಒಂದು ವೃತ್ತ, ಒಂದು ಚೌಕ. ಮುಖ ಎತ್ತರದ ಹತ್ತನೇ ಒಂದು ಭಾಗ, ಪಾದ ಆರನೇ ಒಂದು ಭಾಗ, ಚಾಚಿದ ತೋಳುಗಳ ಅಗಲ ನಿಂತ ಎತ್ತರಕ್ಕೆ ಸಮ. ದೇವರು ಮನುಷ್ಯನನ್ನು ಈ ಲೆಕ್ಕದಲ್ಲಿ ಮಾಡಿದ ಮೇಲೆ ದೇವರ ಮನೆಯನ್ನೂ ಅದೇ ಲೆಕ್ಕದಲ್ಲಿ ಕಟ್ಟಬೇಕು, ಹಾಗೆ ಕಟ್ಟದ ಊರನ್ನು ಈಗ ಫ್ಲಾರೆನ್ಸಿನಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂದು ಅವರು ಸಭೆಗೆ ತಿಳಿಸಿದರು. ನಮ್ಮನ್ನು ಮೊದಲೂ ಯಾರೂ ಮಾತಾಡಿಸುತ್ತಿರಲಿಲ್ಲ. ಆದರೂ ಸಭೆಗೆ ತುಂಬಾ ಅವಮಾನವಾಯಿತು.

ನಮ್ಮ ಇಗರ್ಜಿಯ ಗೋಡೆ ಎದ್ದು ನಿಂತು ಮೂವತ್ತು ವರ್ಷವಾಗಿತ್ತು. ಒಳಗೆ ಕಂಬಗಳ ಅಲಂಕಾರವೂ ಮೇಲೆ ಕಮಾನು ಚಾವಣಿಯೂ ಬಾಕಿ ಇದ್ದವು. ಮಳೆಗಾಲದಲ್ಲಿ ಪಾದ್ರಿ ದೋನ್ ಸಾಂದ್ರೊ ಪೂಜೆ ಮಾಡುವಾಗ ಮೊನ್ನಾ ತೆಸ್ಸಾ ಎಂಬ ವಿಧವೆ ಅವರ ತಲೆಯ ಮೇಲೆ ತೊಗಲಿನ ಹೊದಿಕೆ ಹಿಡಿದು ನಿಲ್ಲುತ್ತಿದ್ದಳು. ಈಗ ಚಾವಣಿಗೂ ಮುಂಚೆ ಮನುಷ್ಯ ಬೇಕಾಯಿತು. ಊರಿನ ನಲವತ್ತು ಗಂಡಸರನ್ನು ಸಾಲಾಗಿ ನಿಲ್ಲಿಸಿ, ನಗರಸಭೆಯ ಗೋಡೆಯಲ್ಲಿ ಹೂತಿಟ್ಟ ಕಬ್ಬಿಣದ ಮೊಳದ ಅಳತೆಯಲ್ಲಿ ಅಳೆದೆವು. ಒಬ್ಬನ ತೋಳು ಉದ್ದ, ಇನ್ನೊಬ್ಬನ ಪಾದ ಬಾತುಕೋಳಿಯದು. ಒಬ್ಬನ ಮುಖವಂತೂ ಎತ್ತರದ ಏಳನೇ ಒಂದು ಭಾಗವಿತ್ತು, ಅವನು ಅಧ್ಯಕ್ಷರ ಭಾವಮೈದುನ. ಯಾರೂ ಹೊಂದಲಿಲ್ಲ.

ಸರಿಯಾದ ಮನುಷ್ಯ ಹುಟ್ಟುವವರೆಗೆ ಕೆಲಸ ನಿಲ್ಲಿಸೋಣವೇ ಎಂದು ಚರ್ಚೆಯಾಗುತ್ತಿದ್ದಾಗ ನಾನು ಕಾಯ್ದೆ ಪುಸ್ತಕ ತೆರೆದೆ. ನಮ್ಮಲ್ಲಿ ನ್ಯಾಯಾಧೀಶನಿಂದ ಹಿಡಿದು ಬಾವಿ ಕಾಯುವವನವರೆಗೆ ಎಲ್ಲ ಹುದ್ದೆಗೂ ಚೀಟಿ ಎತ್ತುವುದು ಪದ್ಧತಿ. ಸಂಘಗಳ ಸದಸ್ಯರ ಹೆಸರುಗಳನ್ನು ಐದು ವರ್ಷಕ್ಕೊಮ್ಮೆ ತೊಗಲಿನ ಚೀಲಕ್ಕೆ ಹಾಕುತ್ತೇವೆ. ಎರಡು ತಿಂಗಳಿಗೊಮ್ಮೆ ಕಣ್ಣು ಕಟ್ಟಿದ ಸನ್ಯಾಸಿಯೊಬ್ಬರು ಅದರಿಂದ ಒಂದು ಚೀಟಿ ತೆಗೆಯುತ್ತಾರೆ. ಬಂದವನು ಅಧಿಕಾರಿ. ಯೋಗ್ಯತೆ ನೋಡುವುದು ಪಕ್ಷಪಾತಕ್ಕೆ ದಾರಿ ಮಾಡುತ್ತದೆಂದು ನಮ್ಮ ಹಿರಿಯರ ಅಭಿಪ್ರಾಯ. ಆದರ್ಶ ದೇಹಕ್ಕೆ ಮಾತ್ರ ಬೇರೆ ನಿಯಮವೇಕೆ ಎಂದು ಕೇಳಿದೆ. ಠರಾವು ಸರ್ವಾನುಮತದಿಂದ ಪಾಸಾಯಿತು.

ಮೊದಲ ಚೀಟಿ ರೊಟ್ಟಿ ಸುಡುವ ಬಿಯಾಜೊ ಅವರದು. ಅವರ ಹೊಟ್ಟೆಯ ಸುತ್ತಳತೆ ಅವರ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚು. ಅದರಂತೆ ಹದಿನಾಲ್ಕು ಕಂಬಗಳಿಗೂ ನಡುಭಾಗದಲ್ಲಿ ಕಲ್ಲಿನ ಉಬ್ಬು ಕೂಡಿಸಬೇಕೆಂದು ಅಪ್ಪಣೆಯಾಯಿತು. ಈ ಅಪ್ಪಣೆ ಹಿಡಿದು ನಾನು ಮಾಸ್ತ್ರೊ ಘೀನೊ ಅವರ ಬಳಿಗೆ ಹೋದೆ.

ಘೀನೊ ನಮ್ಮ ಗಾರೆ ಕೆಲಸದ ಮೇಸ್ತ್ರಿ, ಎಪ್ಪತ್ತೊಂದು ವರ್ಷ. ಕಲ್ಲು ಹೊತ್ತು ಹೊತ್ತು ಬಲ ಹೆಗಲು ಎಡ ಹೆಗಲಿಗಿಂತ ಒಂದು ಗೇಣು ಕೆಳಗಿತ್ತು. ಅವರು ಕಂಬವನ್ನೂ ಅಪ್ಪಣೆಯನ್ನೂ ಒಂದೊಂದು ಸಲ ನೋಡಿ, ಊರಿಗೆ ಬಸುರಿ ಕಂಬಗಳು ಬೇಕಾದರೆ ಮಾಡಿಕೊಡೋಣ ಎಂದರು. ಮಾಡಿಕೊಟ್ಟರು. ಎರಡು ತಿಂಗಳಾದ ಮೇಲೆ ಬಂದ ಚೀಟಿ ಉಗ್ವಿಚೊನೆ ಅವರದು, ಕೊಕ್ಕರೆ ಕತ್ತಿನ ಮನುಷ್ಯ. ಕಂಬಗಳ ಮೇಲೆ ಒಂದೂವರೆ ಮೊಳದ ಸಣಕಲು ಕತ್ತು ಏರಿತು. ಮೂರನೆಯದು ವೈನ್ ಮಾರುವ ನೆಂಚೊ ಅವರದು. ಅವರು ಯುದ್ಧದಲ್ಲಿ ಎಡಗಾಲು ಕಳೆದುಕೊಂಡವರು, ಮಂಡಿಯ ಕೆಳಗೆ ಓಕ್ ಮರದ ಕಾಲು. ಎಡಸಾಲಿನ ಏಳು ಕಂಬಗಳ ಬುಡ ಒಡೆದು ಮರದ ತುಂಡು ನಿಲ್ಲಿಸಬೇಕೆಂದು ಮಂಡಳಿ ಬರೆಯಿತು.

ಆಗ ಘೀನೊ ಮೊದಲ ಸಲ ಸಭೆಗೆ ಬಂದರು. ಟೋಪಿ ಕೈಯಲ್ಲಿತ್ತು, ಗಡ್ಡದಲ್ಲಿ ಸುಣ್ಣವಿತ್ತು.

"ಮೆಸ್ಸೆರ್, ನಮ್ಮಜ್ಜ ಪಾಯ ಹಾಕ್ದ. ನಮ್ಮಪ್ಪ ಗೋಡೆ ಎಬ್ಸಿ, ಆ ಗೋಡೆ ಮೇಲಿಂದ್ಲೇ ಬಿದ್ದು ಸತ್ತ," ಎಂದರು. "ನಾನು ಚಾವಣಿ ಮುಚ್ಚಿ ಅದರ ಕೆಳಗೆ ಕೂತು ಒಂದೇ ಒಂದು ಪೂಜೆ ಕೇಳ್ಬೇಕು ಅಂತಿದೀನಿ. ಕಣ್ಣು ಮಂಜಾಗ್ತಾ ಇದೆ. ಬರೀ ಹೊಟ್ಟೆ, ಕತ್ತು, ಕಾಲು ಅಂತ ಮಾಡ್ತಾ ಕೂತ್ರೆ ತಲೆಗೆ ಬರೋದು ಯಾವಾಗ?"

"ಆತುರ ಬೇಡ ಮಾಸ್ತ್ರೊ," ಎಂದರು ಅಧ್ಯಕ್ಷರು. "ಚಾವಣಿಗೆ ತಕ್ಕ ಒಂದು ಒಳ್ಳೆ ತಲೆ ಚೀಟೀಲಿ ಬರ್ಲಿ."

"ಈ ಊರಲ್ಲಾ?" ಎಂದು ಕೇಳಿ ಘೀನೊ ಹೊರಟುಹೋದರು. ಮರದ ಬುಡಗಳನ್ನು ಅವರೇ ನಿಲ್ಲಿಸಿದರು, ಆದರೆ ಆ ಎರಡು ತಿಂಗಳು ನನ್ನ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ.

ಅದು ನನ್ನನ್ನು ನೋಯಿಸಿತು ಎಂದು ಇಲ್ಲಿ ಹೇಳಿಬಿಡುತ್ತೇನೆ. ಠರಾವು ನನ್ನದೇ ತಾನೆ. ನಾಲ್ಕನೇ ಚೀಟಿ ಎತ್ತುವ ದಿನ ಚೀಲ ಹಿಡಿದಿದ್ದವನೂ ನಾನೇ. ಚೀಟಿ ಬಿಚ್ಚಿದಾಗ ಮೇಣದಬತ್ತಿ ವ್ಯಾಪಾರಿ ಬೋನಾಕೊರ್ಸೊ ಅವರ ಹೆಸರು ಬಂತು. ಅವರು ಜ್ವರದಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಸತ್ತವರ ಚೀಟಿ ಚೀಲದ ತಳದಲ್ಲಿ ಉಳಿದುಬಿಡುವುದು ಸಾಮಾನ್ಯ. ಅದು ಅಂದೇ ಸನ್ಯಾಸಿಗಳ ಬೆರಳಿಗೆ ಹೇಗೆ ಸಿಕ್ಕಿತೆಂದು ಯಾರೂ ಕೇಳಲಿಲ್ಲ, ಕೇಳದ ಪ್ರಶ್ನೆಗೆ ಉತ್ತರಿಸುವುದು ಗುಮಾಸ್ತನ ಕೆಲಸವಲ್ಲ.

ಸತ್ತವನ ಹೆಸರು ಬಂದರೆ ಹುದ್ದೆ ಎರಡು ತಿಂಗಳು ಖಾಲಿ ಇರತಕ್ಕದ್ದು ಎಂಬುದು ಕಾಯ್ದೆ. ಆದರ್ಶ ಖಾಲಿ ಇರುವಾಗ ಕಟ್ಟಡ ಕಟ್ಟಬಾರದು ಎಂದು ಮಾತ್ರ ಎಲ್ಲೂ ಬರೆದಿಲ್ಲ. ಇದನ್ನು ನಾನು ಘೀನೊ ಅವರ ಕಿವಿಯಲ್ಲಿ ಹೇಳಿದೆ. ಅಧ್ಯಕ್ಷರು ಎರಡು ತಿಂಗಳಿಗೆಂದು ದೂರದ ಉಣ್ಣೆ ಸಂತೆಗಳಿಗೆ ಹೋಗಿದ್ದರು. ಹನ್ನೊಂದು ಮಂದಿ ಗಾರೆಯವರು ಐವತ್ತೆಂಟು ದಿನ ಸಾರುವೆಯ ಮೇಲೆಯೇ ಉಂಡು ಕೆಲಸ ಮಾಡಿದರು. ಕೊನೆಯ ಇಟ್ಟಿಗೆಯನ್ನು ಘೀನೊ ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ತಡವಿ ಕೂಡಿಸಿದರು. ಕೆಳಗಿಳಿದು ನನ್ನ ಕೆನ್ನೆಗೊಂದು ಸುಣ್ಣದ ಕೈ ತಟ್ಟಿದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಂತೆಯಿಂದ ಬಂದ ಮೆಸ್ಸೆರ್ ಅರ್ದಿಂಗೊ ತಲೆಯೆತ್ತಿ ನೋಡಿ ಬೆವರಿದರು. ಚಾವಣಿ ಚೆನ್ನಾಗಿತ್ತು, ಆದರೆ ಯಾರ ತಲೆಯ ಅಳತೆಯೂ ಅಲ್ಲ. ಕೆಡವಬೇಕು ಎಂದು ಇಬ್ಬರು ಸದಸ್ಯರು ಹೇಳಿದರು. ಕಟ್ಟಡ ಮನುಷ್ಯನಿಗೆ ಹೊಂದದಿದ್ದರೆ ಮನುಷ್ಯನನ್ನು ಕಟ್ಟಡಕ್ಕೆ ಹೊಂದಿಸುವುದೇ ಮಿತವ್ಯಯ ಎಂದು ಅಧ್ಯಕ್ಷರು ತೀರ್ಮಾನ ಕೊಟ್ಟರು. ಮರುದಿನ ಇಗರ್ಜಿಯ ಬಾಗಿಲಿಗೆ ಪ್ರಕಟಣೆ ಬಿತ್ತು:

"ಸಂತ ದೊನಾತೊ ಇಗರ್ಜಿಯು ಮಾನವ ದೇಹದ ಅಧಿಕೃತ ಪ್ರಮಾಣವೆಂದು ಘೋಷಿಸಲಾಗಿದೆ. ಒಳಗೆ ಪ್ರವೇಶಿಸುವವರು, ಹೆಂಗಸರೂ ಸೇರಿ, ಕಂಬಕ್ಕೆ ತಕ್ಕ ಹೊಟ್ಟೆ, ಅದಕ್ಕೆ ತಕ್ಕ ಕತ್ತು, ಹಾಗೂ ಎಡಮಂಡಿಯ ಕೆಳಗೆ ಓಕ್ ಮರ ಹೊಂದಿರತಕ್ಕದ್ದು. ತಲೆಯ ಬಗ್ಗೆ ಯಾವ ನಿರ್ಬಂಧವೂ ಇಲ್ಲ. ಸುಣ್ಣ, ಮರಳು, ಹಗ್ಗ, ಏಣಿ ಹಾಗೂ ಕೈಯಲ್ಲಿ ಸಲಕರಣೆ ಹಿಡಿದು ದುರಸ್ತಿಗೆ ಬರುವ ಗಾರೆಯವರಿಗೆ ಈ ನಿಯಮ ಅನ್ವಯಿಸುವುದಿಲ್ಲ."

ಮೊದಲ ಭಾನುವಾರ ಬಾಗಿಲಲ್ಲಿ ಕಾವಲುಗಾರ ವಾನ್ನಿ ಅಳತೆಪಟ್ಟಿ ಹಿಡಿದು ನಿಂತ. ಬಿಯಾಜೊ ಅವರ ಹೊಟ್ಟೆ ಸರಿಹೋಯಿತು, ಕತ್ತು ಸಾಲಲಿಲ್ಲ. ಉಗ್ವಿಚೊನೆ ಅವರಿಗೆ ಕತ್ತಿತ್ತು, ಹೊಟ್ಟೆಯಿರಲಿಲ್ಲ. ನೆಂಚೊ ಮರದ ಕಾಲನ್ನು ಮೆಟ್ಟಿಲಿಗೆ ಟಕಟಕ ಬಡಿದು ವಾದಿಸಿದರೂ ಮಿಕ್ಕ ಎರಡರಲ್ಲಿ ಸೋತರು. ಅಧ್ಯಕ್ಷರು ಮೂರರಲ್ಲೂ ಸೋತು, ನಿಯಮದ ನಿಷ್ಪಕ್ಷಪಾತವನ್ನು ಮೆಚ್ಚಿ ಎರಡು ಮಾತಾಡಿದರು. ದೋನ್ ಸಾಂದ್ರೊ ಮೆಟ್ಟಿಲ ಮೇಲೆಯೇ ಪೂಜೆ ಮಾಡಿದರು. ಜೋರು ಮಳೆ. ಇಡೀ ಊರು ನೆನೆಯಿತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಅಳತೆ ತಪ್ಪಿದ ಒಂದು ಪಾದವೂ ನೆಲವನ್ನು ಮುಟ್ಟಿಲ್ಲವೆಂದು ನಡಾವಳಿಯಲ್ಲಿ ಹೆಮ್ಮೆಯಿಂದ ದಾಖಲಾಯಿತು.

ಘೀನೊ ಹೊರಗೆ ನಿಂತಿದ್ದರು. ಮನೆಗೆ ಹೋಗುವಾಗ ನನ್ನ ತೋಳು ಹಿಡಿದು, ಆ ಪ್ರಕಟಣೆಯ ಕೊನೆ ಸಾಲು ಇನ್ನೊಂದು ಸಲ ಓದಿ ಹೇಳು ಎಂದರು. ಓದಿದೆ.

ಮರುವಾರ ಶನಿವಾರ, ಬಾಗಿಲಲ್ಲಿ ಕಾವಲಿಲ್ಲದ ಹೊತ್ತಿನಲ್ಲಿ, ಅವರು ಕಂಬವೊಂದರ ಉಬ್ಬಿನಿಂದ ಒಂದು ಕಲ್ಲು ಸಡಿಲಿಸಿ ಬಂದರು. ಭಾನುವಾರ ಬೆಳಿಗ್ಗೆ ಕರಣೆ, ಗಾರೆಯ ಬಾಂಡ್ಲಿ ಹಿಡಿದು ಬಾಗಿಲಿಗೆ ಹೋದರು.

"ಎಲ್ಲಿಗೆ ಅಜ್ಜ?" ಎಂದ ವಾನ್ನಿ.

"ಒಳಗೆ ಕಲ್ಲು ಅಲ್ಲಾಡ್ತಾ ಇದೆ. ನಿನ್ ತಲೆ ಮೇಲೆ ಬೀಳೋವರೆಗೂ ಕಾಯ್ಲಾ?"

ವಾನ್ನಿ ದಾರಿ ಬಿಟ್ಟ. ದೋನ್ ಸಾಂದ್ರೊ ಆಕಾಶ ನೋಡಿದರು, ಮೋಡ ಕಟ್ಟಿತ್ತು. ಸುಣ್ಣದ ಕುಂಚವೊಂದನ್ನು ಕೈಗೆತ್ತಿಕೊಂಡು ಹಿಂದೆಯೇ ನಡೆದರು. ಅಂದು ಇಡೀ ಪೂಜೆಯನ್ನು ಘೀನೊ ಒಬ್ಬರೇ ತಮ್ಮ ಚಾವಣಿಯ ಕೆಳಗೆ ಕೂತು ಕೇಳಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಬಾಂಡ್ಲಿ ಮಡಿಲಲ್ಲಿಟ್ಟುಕೊಂಡು ಮುದುಕ ಅಳುತ್ತಿದ್ದರು. ನಾನೂ ಅತ್ತೆ.

ಮುಂದಿನ ಭಾನುವಾರ ಮೊನ್ನಾ ತೆಸ್ಸಾ ಬಾಂಡ್ಲಿ ಹಿಡಿದು ಬಂದಳು. ಯಾವ ಕೆಲಸ ಎಂದು ವಾನ್ನಿ ಕೇಳಿದ್ದಕ್ಕೆ, ನಿಮ್ಮಮ್ಮನನ್ನು ಕೇಳು, ಅವಳೂ ಹಿಂದೆ ಬರುತ್ತಿದ್ದಾಳೆ ಎಂದಳು. ಬಂದಳು, ಏಣಿಯೊಂದಿಗೆ. ತಿಂಗಳೊಳಗೆ ಊರಿನ ನಾನೂರು ಮಂದಿಯೂ ಭಾನುವಾರದ ಗಾರೆಯವರಾದರು. ಮದುಮಕ್ಕಳು ಒಂದೇ ಹಗ್ಗದ ಎರಡು ತುದಿ ಹಿಡಿದು ಬಂದರು. ಮೆಸ್ಸೆರ್ ಅರ್ದಿಂಗೊ ಬೆಳ್ಳಿಯ ಕರಣೆ ಮಾಡಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರತೊಡಗಿದರು. ಇಗರ್ಜಿ ಇನ್ನು ಎಂದೆಂದಿಗೂ ದುರಸ್ತಿಯಲ್ಲಿರತಕ್ಕದ್ದು ಎಂದು ಮಂಡಳಿ ಠರಾವು ಮಾಡಿತು. ಘೀನೊ ಮಾತ್ರ ಪೂಜೆಯ ನಡುವೆಯೂ, ಕರಣೆಯನ್ನು ಸೌಟಿನಂತೆ ಹಿಡಿದವರನ್ನು ಗದರುತ್ತಿದ್ದರು.

ಆಮೇಲೆ ಅವರು ಮೂರು ವರ್ಷ ಬದುಕಿದರು. ಅವರ ಶವವನ್ನು ಇಗರ್ಜಿಗೆ ಹೊತ್ತು ತಂದ ದಿನ ವಾನ್ನಿ ಪದ್ಧತಿಯಂತೆ ಅಳತೆಪಟ್ಟಿ ತೆಗೆದ. ನಾವು ಘೀನೊ ಅವರ ಕೈಗೆ ಕರಣೆ ಇಟ್ಟಿದ್ದೆವು. ವಾನ್ನಿ ಪಟ್ಟಿ ಮಡಚಿ, ಟೋಪಿ ತೆಗೆದು, ದುರಸ್ತಿಯ ದಫ್ತರದಲ್ಲಿ ಕೆಲಸ ಏನೆಂದು ಬರೆಯಲಿ ಎಂದು ನನ್ನನ್ನು ಕೇಳಿದ. ದಫ್ತರ ತೆಗೆದುಕೊಂಡು ನಾನೇ ಬರೆದೆ. ಕೆಲಸ: ಚಾವಣಿಯ ಪರಿಶೀಲನೆ, ಮಲಗಿಕೊಂಡು. ಅವಧಿ: ನಿಗದಿಯಾಗಿಲ್ಲ. ಮಂಡಳಿ ಅದಕ್ಕೆ ಮೊಹರು ಹಾಕಿತು.