ಬಾಯಾರದ ನಾಯಿ

ನನ್ನ ಸೋದರಮಾವನಿಗೂ ಎಲ್ಲರಂತೆ ಬಾಯಾರಿಕೆ ಆಗುತ್ತಿತ್ತು. ಆದರೆ ಬೇರೆಯವರ ಗಂಟಲಿನಲ್ಲಿ! ಎದುರಿಗಿದ್ದ ಪ್ರಾಣಿ ನಾಲಿಗೆ ಹೊರಹಾಕಿದರೆ ಸಾಕು, ಇವರು ತಂಬಿಗೆ ಹಿಡಿದು ಏಳುತ್ತಿದ್ದರು. ನಾನು ನ್ಯಾಮತಿಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಎರಡು ವರ್ಷ ಅವರ ಮನೆಯಲ್ಲಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ, ಕಂಡದ್ದೇ ಬೇಕಾದಷ್ಟಿದೆ.

ಮನೆಯಲ್ಲಿ ಒಂದು ಗಿಳಿ, ಒಂದು ಬೆಕ್ಕು, ಮಲ್ಲ ಎಂಬ ನಾಯಿ. ಗಿಳಿಯ ಪಂಜರಕ್ಕೆ ಗಂಟೆಗೊಮ್ಮೆ ಒದ್ದೆ ಗೋಣಿಚೀಲ. ಊರೆಲ್ಲ ಬೆವರುತ್ತಿದ್ದ ಏಪ್ರಿಲ್‌ನಲ್ಲಿ ಆ ಗಿಳಿಗೆ ನೆಗಡಿಯಾಯಿತು. ಬೆಕ್ಕು ನೀರು ಮುಟ್ಟುವುದಿಲ್ಲವೆಂದು ನೀರಿಗೆ ನಾಲ್ಕು ಹನಿ ಹಾಲು ಬೆರೆಸಿಡುತ್ತಿದ್ದರು.

“ಹಾಲಿಗೆ ನೀರು ಹಾಕೋರನ್ನ ನೋಡೀನಿ. ನೀರಿಗೆ ಹಾಲು ಹಾಕೋರು ಅಂದ್ರೆ ನೀವೊಬ್ರೇ,” ಎಂದರು ಅತ್ತೆ.

“ಬೆಕ್ಕು ಮೋಸ ಹೋಗ್ತೈತೆ ಕಣೆ.”

“ಅದು ಹೋಗಲ್ಲ ರೀ. ನೀವು ಹೋಗೀರಿ.”

ಮಲ್ಲನಿಗೆ ಬೆಳಿಗ್ಗೆ ರಾಗಿ ಅಂಬಲಿ, ಆಮೇಲೆ ನೀರುಮಜ್ಜಿಗೆ, ನಡುವೆ ಗಡಿಗೆಯ ತಣ್ಣೀರು. ನಡೆದರೆ ಅದರ ಹೊಟ್ಟೆಯಲ್ಲಿ ತುಂಬಿದ ಕೊಡ ತುಳುಕಿದ ಸದ್ದಾಗುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಕಿವಿಯಿಟ್ಟು ಕೇಳಿದ್ದೇನೆ.

ಆ ಬೇಸಿಗೆಯಲ್ಲೇ ಪಕ್ಕದ ಓಣಿಯ ಕರುವಿಗೆ ಹುಚ್ಚುನಾಯಿ ಕಚ್ಚಿತು. ಓಣಿಯವರು ಸೇರಿ ಇಬ್ಬರ ಕೈಗೆ ದೊಣ್ಣೆ ಕೊಟ್ಟು, ಮನೆಮನೆಯ ನಾಯಿಯನ್ನು ಪರೀಕ್ಷಿಸಲು ಕಳಿಸಿದರು. ಪರೀಕ್ಷೆ ಸುಲಭ: ಮುಂದೆ ನೀರಿಡುವುದು. ಕುಡಿದರೆ ಬದುಕಿತು, ಕುಡಿಯದಿದ್ದರೆ ಹುಚ್ಚು, ಅಲ್ಲೇ ದೊಣ್ಣೆ.

ಅವರು ನಮ್ಮ ಬಾಗಿಲಿಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಮಲ್ಲ ಮುಂದಿಟ್ಟ ನೀರಿನ ಬೋಗುಣಿಯನ್ನು ಮೂಸಿ, ತೇಗಿ, ಮುಖ ತಿರುಗಿಸಿತು.

“ನೀರು ಮುಟ್ಟಲ್ಲ ಅಂದ್ರೆ ಹುಚ್ಚೇ ರೀ,” ಎಂದ ಇಬ್ಬರಲ್ಲಿ ಹಿರಿಯವನು.

“ಹೊಟ್ಟೆ ತುಂಬೈತೆ ಕಣಪ್ಪ. ಬೇಕಾದ್ರೆ ಮುಟ್ಟಿ ನೋಡು,” ಎಂದರು ಮಾವ.

“ಹುಚ್ಚುನಾಯಿ ಹೊಟ್ಟೆ ಮುಟ್ಟಾಕೆ ನನಗೇನು ಹುಚ್ಚಾ?”

ಮಾವ ಮಂಡಿಯೂರಿದರು. ನಾಯಿಗೆ ಆಸೆ ಹುಟ್ಟಲೆಂದು ತಾವೇ ಬೋಗುಣಿಗೆ ಬಾಯಿಟ್ಟು ಸುರ್ರೆಂದು ಕುಡಿದರು. ಮಲ್ಲ ಅವರನ್ನು ಕನಿಕರದಿಂದ ನೋಡಿತು.

“ಇಬ್ರಲ್ಲಿ ಒಬ್ರು ಪಾಸಾದ್ರು,” ಎಂದರು ಅತ್ತೆ ಹೊಸ್ತಿಲಿನಿಂದ.

ಕೊನೆಗೆ ಒಪ್ಪಂದವಾಯಿತು: ಹೊತ್ತು ಮುಳುಗುವ ತನಕ ಕಾಯುವುದು. ಮಲ್ಲನನ್ನು ಬಿಸಿಲಿನ ಗೂಟಕ್ಕೆ ಕಟ್ಟಿ, ಪಕ್ಕದಲ್ಲಿ ಬೋಗುಣಿಯಿಟ್ಟರು. ಇಷ್ಟು ದಿನ ಯಾರ ಗಂಟಲೂ ಒಣಗದಂತೆ ನೋಡಿಕೊಂಡವರು ಈಗ ನಾಯಿ ಬಾಯಾರಲೆಂದು ದೇವರಿಗೆ ಕೈಮುಗಿಯಬೇಕಾಯಿತು. ಎಂಥ ಹರಕೆ ನೋಡಿ! ದೊಣ್ಣೆಯವರು ನೆರಳಿನಲ್ಲಿ ಕುಳಿತರು. ಮಾವ ಬಿಸಿಲಿನಲ್ಲೇ, ಮಲ್ಲನ ಪಕ್ಕ.

ಒಂದು ಗಂಟೆಗೆ ಮಲ್ಲ ಗೂಟಕ್ಕೆ ಕಾಲೆತ್ತಿತು.

“ಒಂದು ತಂಬಿಗೆ ಹೋತು ನೋಡ್ರಿ,” ಎಂದು ಮಾವ ಸಾರಿದರು. ಎರಡಕ್ಕೆ ಮತ್ತೆ ಎತ್ತಿತು. “ಎರಡು.” ಮೂರನೆಯ ಸಲಕ್ಕೆ ದೊಣ್ಣೆಯವರೇ ಎಣಿಸಿದರು.

ಮೂರೂವರೆಗೆ ಮಲ್ಲನ ನಾಲಿಗೆ ಹೊರಬಂತು. ಬೋಗುಣಿಯ ಕಡೆ ಮಾತ್ರ ನೋಡಲಿಲ್ಲ. ಆಗ ನಗು ನಿಂತಿತು. ಕಿರಿಯವನು ದೊಣ್ಣೆಯನ್ನು ಕೈಗೆತ್ತಿಕೊಂಡ. ಮಾವ ಅಭ್ಯಾಸದಿಂದ ತಂಬಿಗೆಗೆ ಎರಡು ಸಲ ಎದ್ದರು, ಎರಡು ಸಲವೂ ಕುಳಿತರು. ಆ ನಾಲಿಗೆಯನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದರು. ಅವರ ಅಂಗಿಯ ಬೆನ್ನು ಪೂರ್ತಿ ನೆನೆದಿತ್ತು. ಹಾಗೆ ಎಷ್ಟು ಹೊತ್ತು ಕಳೆಯಿತೆಂದು ನಾನು ಹೇಳಲಾರೆ. ಗಡಿಯಾರ ನೋಡುವ ಧೈರ್ಯ ನನಗೆ ಬರಲಿಲ್ಲ.

ಮೊದಲು ಸದ್ದು ಕೇಳಿಸಿತು. ಲಪಲಪ, ಲಪಲಪ.

“ಕುಡೀತೈತೆ ಯಜಮಾನ್ರೇ,” ಎಂದ ಹಿರಿಯವನು. ದೊಣ್ಣೆಯನ್ನು ಗೋಡೆಗೊರಗಿಸಿದ. “ತಿರುಗಿ ನೋಡ್ರಿ.”

ಮಾವ ತಿರುಗಲಿಲ್ಲ. ಅತ್ತೆ ತಂಬಿಗೆ ಹಿಡಿದು ಬಂದು, ಕಾದ ನೆಲದ ಮೇಲೆ ಅವರ ಪಕ್ಕದಲ್ಲೇ ಕುಳಿತರು. ಓಣಿಯವರೆಲ್ಲ ನೋಡುತ್ತಿದ್ದರು. ನಾಲ್ಕು ಜನರೆದುರು ಅತ್ತೆ ಹಾಗೆ ಕುಳಿತದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ಸಾಕಷ್ಟು ಕುಡೀತಾ?” ಎಂದು ಮಾವ ಗೋಡೆಯನ್ನೇ ಕೇಳಿದರು.

“ಇನ್ನೂ ಕುಡೀತೈತೆ,” ಎಂದು ಅತ್ತೆ ತಂಬಿಗೆಯನ್ನು ಅವರ ತುಟಿಗೆ ಹಿಡಿದರು. “ನೀವು ಕುಡೀರಿ.”

ಮಾವ ಕುಡಿದು ಮುಗಿಸುವವರೆಗೆ ಅತ್ತೆಯ ಇನ್ನೊಂದು ಕೈ ಅವರ ಬೆನ್ನ ಮೇಲೇ ಇತ್ತು.